ಸೂರ್ಯನ ಪಾಠಾಂತರಗಳು

ನಮ್ಮ ಅಲಂಕಾರಶಾಸ್ತ್ರದಲ್ಲಿ ಅನನ್ವಯವೆಂಬುದೊಂದು ಅಲಂಕಾರವುಂಟು. ವರ್ಣಿಸಬೇಕಾದ ವಸ್ತುವಿಗೆ ಸಮಾನವಾದುದು ಲೋಕದಲ್ಲಿ ಬೇರೊಂದು ದೊರೆಯದಿದ್ದಾಗ ಕವಿಯು ಅದನ್ನು ಅದಕ್ಕೇ ಹೋಲಿಸಿ ಸುಮ್ಮನಾಗುತ್ತಾನೆ. ಸೂರ್ಯನ ವಿಷಯದಲ್ಲಿ ಕವಿಗಳಿಗೆ ಅಷ್ಟು ಶ್ರಮವೂ ಬೀಳಲಿಲ್ಲ. ಅರಸನ ಪ್ರತಾಪಕ್ಕೆ ಅವನು ಉಪಮಾನ, ಋಷಿಯ ತೇಜಸ್ಸಿಗೆ ಅವನು ಉಪಮಾನ, ಕಿರೀಟದ ರತ್ನಕ್ಕೂ ಅವನೇ ಉಪಮಾನ. ಅವನನ್ನು ಉಪಮೇಯದ ಪೀಠದಲ್ಲಿ ಕುಳ್ಳಿರಿಸಿ ‘ಇವನು ಯಾರಂತೆ ಇದ್ದಾನೆ?’ ಎಂದು ಕೇಳಿದವರು ವಿರಳ. ಆ ಪ್ರಶ್ನೆಯನ್ನು ಗಂಭೀರವಾಗಿ ಕೇಳಿ, ಉತ್ತರಕ್ಕಾಗಿ ಇರುಳುಗಳನ್ನು ಕಳೆದವರು ಖಗೋಳವಿಜ್ಞಾನಿಗಳು. ನಾಲ್ಕು ದಶಕಗಳಿಗೂ ಮೇಲ್ಪಟ್ಟು ಅವರು ಸೂರ್ಯನ ಅವಳಿಯನ್ನು ಹುಡುಕುತ್ತಿದ್ದಾರೆ. ಹುಡುಕಾಟದಲ್ಲಿ ಅವರ ಕೈಗೆ ಸಿಕ್ಕಿದ ಸಂಗತಿಗಳು ನಮ್ಮ ಕಾಲಕೆಳಗಿನ ಮಣ್ಣಿನವರೆಗೂ ಬಂದು ಮುಟ್ಟಿವೆ.

ಇದು ಬರಿಯ ಕುತೂಹಲದ ಮಾತಲ್ಲ. ನಕ್ಷತ್ರವೊಂದರ ತೂಕವನ್ನು ಹೇಳುವಾಗ ‘ಸೂರ್ಯನ ಎರಡರಷ್ಟು’ ಎನ್ನುತ್ತಾರೆ. ಪ್ರಕಾಶವನ್ನು ಹೇಳುವಾಗ ‘ಸೂರ್ಯನ ಹತ್ತರಷ್ಟು’ ಎನ್ನುತ್ತಾರೆ. ಅದರಲ್ಲಿರುವ ಕಬ್ಬಿಣವನ್ನು ಹೇಳುವಾಗಲೂ ಸೂರ್ಯನ ಕಬ್ಬಿಣವೇ ಅಳತೆ. ಅಂಗಡಿಯವನಿಗೆ ಸೇರು ಹೇಗೋ ನಕ್ಷತ್ರ ಅಳೆಯುವವರಿಗೆ ಸೂರ್ಯನು ಹಾಗೆ. ಆ ಸೇರೇ ಊರಿನ ಉಳಿದ ಸೇರುಗಳಿಗಿಂತ ಒಂದು ಹಿಡಿ ಕಿರಿದಾಗಿದ್ದರೆ? ಒಂದೇ ಸೇರನ್ನು ಇಟ್ಟುಕೊಂಡವನಿಗೆ ಅದು ತಿಳಿಯುವ ಬಗೆಯಿಲ್ಲ. ಅಂಥದೇ ಇನ್ನೊಂದು ಸೇರನ್ನು ತಂದು ಪಕ್ಕದಲ್ಲಿಟ್ಟು ನೋಡಬೇಕು. ಅವಳಿಯ ಹುಡುಕಾಟದ ಅರ್ಥ ಇದು.

ನೋಡುವುದಾದರೂ ಹೇಗೆ? ಅತಿ ದೊಡ್ಡ ದೂರದರ್ಶಕದಲ್ಲಿಯೂ ಇಂಥ ನಕ್ಷತ್ರಗಳು ಬಿಂದುಮಾತ್ರವಾಗಿ ಕಾಣುತ್ತವೆ. ಬಿಂದುವಿನಿಂದ ಬರುವ ಬೆಳಕನ್ನು ಬಣ್ಣಬಣ್ಣವಾಗಿ ಹರಡಿ, ಅದರಲ್ಲಿ ಬರೆದಿರುವುದನ್ನು ಓದಬೇಕು. ಹೀಗೆ ಹರಡಿದ ಬೆಳಕಿಗೆ ಕನ್ನಡದ ವಿಜ್ಞಾನ ಲೇಖಕರು ‘ರೋಹಿತ’ವೆಂಬ ಹೆಸರನ್ನಿಟ್ಟಿದ್ದಾರೆ. ಈ ಪದವನ್ನು ಆರಿಸಿದವರ ಬಗ್ಗೆ ನನಗೆ ಬಹಳ ಗೌರವ. ಅಮರಕೋಶದಲ್ಲಿ ಕಾಮನಬಿಲ್ಲಿನ ಹೆಸರುಗಳನ್ನು ಹೇಳುವಾಗ, ಅದೇ ಬಿಲ್ಲು ಬಾಗದೆ ನೇರವಾಗಿದ್ದರೆ ಅದಕ್ಕೆ ರೋಹಿತವೆಂದು ಹೆಸರು ಎಂಬ ಅರ್ಥದ ಮಾತಿದೆ. ಪಟ್ಟಕದ ಗಾಜಿನಿಂದ ಹೊರಬಂದು ಗೋಡೆಯ ಮೇಲೆ ಬೀಳುವ ಬಣ್ಣದ ಪಟ್ಟಿ ನೇರವಾದ ಕಾಮನಬಿಲ್ಲಲ್ಲದೆ ಮತ್ತೇನು? ಪರಿಭಾಷೆ ಕಟ್ಟುವ ಕೆಲಸದಲ್ಲಿ ಇಷ್ಟು ಒಪ್ಪುವ ಶಬ್ದ ದೊರೆಯುವುದು ಅಪರೂಪ.

ಬಿಳಿಯ ಬೆಳಕಿನಲ್ಲಿ ಬಣ್ಣಗಳು ಅಡಗಿವೆಯೆಂಬುದನ್ನು ನ್ಯೂಟನ್ನನು 1672ರಲ್ಲಿಯೇ ಪ್ರಕಟಿಸಿದ್ದನು. ಆದರೆ ರೋಹಿತದಲ್ಲಿ ಬರವಣಿಗೆಯೂ ಇದೆಯೆಂದು ವಿವರವಾಗಿ ತೋರಿಸಿದವನು ಬವೇರಿಯದ ಒಬ್ಬ ಗಾಜಿನ ಕೆಲಸಗಾರ, ಯೋಸೆಫ್ ಫ್ರೌನ್‌ಹೋಫರ್. ಚಿಕ್ಕಂದಿನಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಈ ಹುಡುಗ ಮ್ಯೂನಿಕ್ ನಗರದ ಕನ್ನಡಿ ಮಾಡುವವನೊಬ್ಬನ ಬಳಿ ಕೆಲಸಕ್ಕಿದ್ದನು. 1801ರಲ್ಲಿ ಆ ಮನೆ ಕುಸಿದುಬಿದ್ದಿತು. ಅವಶೇಷಗಳ ಕೆಳಗಿನಿಂದ ಅವನನ್ನು ಜೀವಸಹಿತ ಹೊರತೆಗೆದಾಗ ನೋಡಲು ಬಂದಿದ್ದ ರಾಜಕುಲದ ಮ್ಯಾಕ್ಸಿಮಿಲಿಯನ್ ಕನಿಕರಗೊಂಡು ಹಣ ಕೊಟ್ಟನು. ಆ ಹಣ ಪುಸ್ತಕಗಳಿಗೂ ಗಾಜು ಉಜ್ಜುವ ಯಂತ್ರಕ್ಕೂ ವ್ಯಯವಾಯಿತು. ಒಳ್ಳೆಯ ಮಸೂರಗಳನ್ನು ಮಾಡಬೇಕೆಂಬುದಷ್ಟೇ ಅವನ ಉದ್ದೇಶ. ಅದಕ್ಕಾಗಿ 1814ರಲ್ಲಿ ಸೂರ್ಯನ ಬೆಳಕನ್ನು ಕಿರಿದಾದ ಸೀಳಿನಿಂದ ಹಾಯಿಸಿ, ಪಟ್ಟಕದಲ್ಲಿ ಹರಡಿ, ಸಣ್ಣ ದೂರದರ್ಶಕದಿಂದ ನೋಡಿದಾಗ ಬಣ್ಣದ ಪಟ್ಟಿಯ ಉದ್ದಕ್ಕೂ ಅಡ್ಡಗೆರೆಗಳು, ಕಪ್ಪು ಗೆರೆಗಳು, ಲೆಕ್ಕವಿಲ್ಲದಷ್ಟು! ಇಂಗ್ಲೆಂಡಿನ ವುಲ್ಲಾಸ್ಟನ್ನನು 1802ರಲ್ಲಿ ಇಂಥ ಕೆಲವು ಗೆರೆಗಳನ್ನು ಕಂಡು, ಬಣ್ಣಬಣ್ಣಗಳ ನಡುವಣ ಎಲ್ಲೆಗಳೆಂದು ಭಾವಿಸಿ ಬಿಟ್ಟುಬಿಟ್ಟಿದ್ದನು. ಫ್ರೌನ್‌ಹೋಫರನು ಬಿಡಲಿಲ್ಲ. ಐನೂರಕ್ಕೂ ಹೆಚ್ಚು ಗೆರೆಗಳನ್ನು ಗುರುತಿಸಿ, ಮುಖ್ಯವಾದವುಗಳಿಗೆ ಎ, ಬಿ, ಸಿ, ಡಿ ಎಂದು ಹೆಸರು ಕೊಟ್ಟನು. ಲುಬ್ಧಕ ನಕ್ಷತ್ರದ ಬೆಳಕನ್ನೂ ನೋಡಿ, ಅಲ್ಲಿಯ ಗೆರೆಗಳು ಬೇರೆಯಾಗಿವೆಯೆಂದು ಬರೆದಿಟ್ಟನು. ಗೆರೆಗಳ ಅರ್ಥ ಮಾತ್ರ ಅವನಿಗೆ ತಿಳಿಯಲಿಲ್ಲ. 1826ರಲ್ಲಿ, 39ನೆಯ ವಯಸ್ಸಿನಲ್ಲಿ, ತೀರಿಕೊಂಡನು. ಲಿಪಿಯನ್ನು ಅಷ್ಟು ನಿಷ್ಠೆಯಿಂದ ನಕಲು ಮಾಡಿ, ಭಾಷೆ ತಿಳಿಯದೆ ಹೋದವನ ಬದುಕು ಅದು.

ಅವನು ಸತ್ತ ಒಂಬತ್ತು ವರ್ಷಗಳ ಮೇಲೆ, 1835ರಲ್ಲಿ, ಫ್ರಾನ್ಸಿನ ತತ್ತ್ವಜ್ಞ ಆಗಸ್ಟ್ ಕೋಂಟನು ನಕ್ಷತ್ರಗಳ ರಾಸಾಯನಿಕ ರಚನೆಯನ್ನು ಮನುಷ್ಯನು ಯಾವ ಉಪಾಯದಿಂದಲೂ ಅರಿಯಲಾರನೆಂದು ಬರೆದನು. ಕೋಂಟನ ಮರಣ 1857ರಲ್ಲಿ. ಎರಡೇ ವರ್ಷಗಳಲ್ಲಿ ಹೈಡೆಲ್‌ಬರ್ಗಿನ ಕಿರ್ಖಾಫ್ ಮತ್ತು ಬುನ್ಸೆನ್ ಗೆರೆಗಳ ಅರ್ಥವನ್ನು ಬಿಡಿಸಿದರು. ಒಲೆಯ ಉರಿಗೆ ಉಪ್ಪಿನ ಹರಳು ಬಿದ್ದರೆ ಜ್ವಾಲೆ ಹಳದಿಯಾಗುವುದನ್ನು ನಮ್ಮ ಅಡಿಗೆಮನೆಗಳಲ್ಲಿ ಯಾರಾದರೂ ಕಂಡಿರಬಹುದು. ಅದು ಉಪ್ಪಿನಲ್ಲಿರುವ ಸೋಡಿಯಮ್ಮಿನ ಬೆಳಕು. ಉರಿಯುವಾಗ ಯಾವ ಬಣ್ಣವನ್ನು ಸೂಸುವುದೋ ಅದೇ ಬಣ್ಣವನ್ನು, ಹಿಂದಿನಿಂದ ಇನ್ನೂ ಬಿಸಿಯಾದ ಬೆಳಕು ಬಂದಾಗ, ಸೋಡಿಯಂ ಹೀರಿಕೊಳ್ಳುತ್ತದೆ. ಅಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಫ್ರೌನ್‌ಹೋಫರನು ‘ಡಿ’ ಎಂದು ಕರೆದ ಜೋಡಿಗೆರೆ ಸೂರ್ಯನಲ್ಲಿರುವ ಸೋಡಿಯಮ್ಮಿನ ಸಹಿ. ಕಬ್ಬಿಣಕ್ಕೆ ಬೇರೆ ಸಹಿ, ಕ್ಯಾಲ್ಸಿಯಮ್ಮಿಗೆ ಬೇರೆ.

ಈ ಓದಿನ ಮೊದಲ ಅಧ್ಯಾಯಗಳಲ್ಲೊಂದು ನಡೆದದ್ದು ಕನ್ನಡ ನಾಡಿನಲ್ಲಿ ಎಂಬುದನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರೋ ಕಾಣೆ. 1868ರ ಆಗಸ್ಟ್ 18ರಂದು ಪೂರ್ಣ ಸೂರ್ಯಗ್ರಹಣ. ಅದರ ನೆರಳು ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯ ಮೇಲೂ ವಿಜಾಪುರದ ಮೇಲೂ ಹಾದುಹೋಯಿತು. ಜಮಖಂಡಿಯಲ್ಲಿ ರೋಹಿತದರ್ಶಕವನ್ನು ಹೂಡಿ ಕುಳಿತಿದ್ದವನು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷೆಲನ ಮೊಮ್ಮಗ. ಶ್ರಾವಣದ ಮೋಡಗಳು ಸುಳಿದಾಡಿ ಅವನನ್ನು ಕಾಡಿದವು. ಮೋಡ ಸರಿದ ಕೆಲವೇ ಕ್ಷಣಗಳಲ್ಲಿ, ಚಂದ್ರಬಿಂಬದ ಅಂಚಿನಾಚೆಗೆ ಚಾಚಿದ ಸೂರ್ಯನ ಜ್ವಾಲೆಯೊಂದರಲ್ಲಿ ಅವನು ಮೂರು ಹೊಳೆಯುವ ಗೆರೆಗಳನ್ನು ಕಂಡನು: ಕೆಂಪು, ಕಿತ್ತಳೆ, ನೀಲಿ. ವಿಜಾಪುರದಲ್ಲಿ ಕ್ಯಾಪ್ಟನ್ ಹೇಗ್, ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಅದೇ ದಿನ ಅದೇ ಜ್ವಾಲೆಗಳ ಬೆಳಕನ್ನು ನೋಡುತ್ತಿದ್ದರು. ಆ ಕಿತ್ತಳೆ ಹಳದಿಯ ಗೆರೆಯನ್ನು ಮೊದಲು ಸೋಡಿಯಮ್ಮಿನದೆಂದೇ ಎಣಿಸಿದ್ದುಂಟು. ಅದು ಸೋಡಿಯಮ್ಮಿನದಲ್ಲ, ತುಸು ಆಚೆಗಿದೆ ಎಂದು ಅದೇ ವರ್ಷ ಇಂಗ್ಲೆಂಡಿನ ಲಾಕ್ಯರ್ ತೋರಿಸಿದನು. ಭೂಮಿಯಲ್ಲಿ ಯಾರೂ ಕಂಡಿರದ ಆ ವಸ್ತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂದಿತು. ರ‍್ಯಾಮ್ಸೇ ಅದನ್ನು ಭೂಮಿಯ ಖನಿಜದಲ್ಲಿ ಕಂಡದ್ದು 1895ರಲ್ಲಿ. ಜಮಖಂಡಿಯಲ್ಲಿ ಇದರ ನೆನಪಿಗೆ ಒಂದು ಕಲ್ಲನ್ನಾದರೂ ನೆಟ್ಟರೆ ಚೆನ್ನ.

ಅಕ್ಷರ ಗೊತ್ತಾದ ಮಾತ್ರಕ್ಕೆ ಅರ್ಥವಾಗುವುದಿಲ್ಲವಷ್ಟೆ. ಸೂರ್ಯನ ರೋಹಿತದಲ್ಲಿ ಅತ್ಯಂತ ದಟ್ಟವಾದ ಗೆರೆಗಳು ಕ್ಯಾಲ್ಸಿಯಮ್ಮಿನವು. ಹಾಗಾದರೆ ಸೂರ್ಯನಲ್ಲಿ ಕ್ಯಾಲ್ಸಿಯಂ ತುಂಬಿಕೊಂಡಿದೆಯೆ? ಗೆರೆಯ ದಪ್ಪ ವಸ್ತುವಿನ ಮೊತ್ತದಿಂದ ಮಾತ್ರ ಬರುವುದಲ್ಲ, ತಾಪದಿಂದಲೂ ಬರುತ್ತದೆಯೆಂಬ ಗಣಿತವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಾಹಾ. ಆ ಗಣಿತವನ್ನು ಹಿಡಿದು ಅಮೆರಿಕದ ಹಾರ್ವರ್ಡಿನಲ್ಲಿ ಸೆಸಿಲಿಯಾ ಪೇಯ್ನ್ ಎಂಬ 25 ವರ್ಷದ ಯುವತಿ 1925ರಲ್ಲಿ ಲೆಕ್ಕ ಹಾಕಿದಾಗ ನಕ್ಷತ್ರಗಳಲ್ಲಿ ಬಹುಪಾಲು ಜಲಜನಕವೆಂದು ಬಂದಿತು. ಹೆಸರಾಂತ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಅದನ್ನು ಒಪ್ಪಲಿಲ್ಲ. ಆಕೆ ತನ್ನ ಪ್ರಬಂಧದಲ್ಲಿ ತನ್ನ ಫಲಿತಾಂಶವನ್ನೇ ಬಹುಶಃ ನಿಜವಲ್ಲವೆಂದು ಬರೆಯಬೇಕಾಯಿತು. ನಾಲ್ಕು ವರ್ಷಗಳ ತರುವಾಯ ರಸೆಲ್ಲನೂ ಬೇರೆ ದಾರಿಯಿಂದ ಅದೇ ಸ್ಥಳಕ್ಕೆ ಬಂದು ಆಕೆಯ ಕೆಲಸವನ್ನು ಸ್ಮರಿಸಿದನು. ಇಂದು ನಾವು ಬಲ್ಲಂತೆ ಸೂರ್ಯನಲ್ಲಿ ಹತ್ತು ಲಕ್ಷ ಜಲಜನಕದ ಪರಮಾಣುಗಳಿಗೆ ಕ್ಯಾಲ್ಸಿಯಮ್ಮಿನ ಪರಮಾಣುಗಳು ಎರಡು. ತೂಕದಲ್ಲಿ ಜಲಜನಕ ಮತ್ತು ಹೀಲಿಯಂ ಎರಡೂ ಸೇರಿ ನೂರಕ್ಕೆ 98ಕ್ಕೂ ಹೆಚ್ಚು. ಉಳಿದುದೆಲ್ಲ ಎರಡಕ್ಕಿಂತ ಕಡಿಮೆ. ಆ ಉಳಿದುದೆಲ್ಲವನ್ನೂ ಖಗೋಳಜ್ಞರು ‘ಲೋಹ’ವೆಂದೇ ಕರೆಯುತ್ತಾರೆ, ಆಮ್ಲಜನಕವನ್ನು ಕೂಡ! ರಸಾಯನಶಾಸ್ತ್ರದ ಅಧ್ಯಾಪಕರು ಇದನ್ನು ಕೇಳಿದರೆ ಏನೆನ್ನುವರೋ.

ಆದರೆ ನಾವು ನಿಂತಿರುವ ಭೂಮಿ ಆಗಿರುವುದು ಆ ಎರಡರೊಳಗಿನ ಪಾಲಿನಿಂದ. ಅವಳಿಯನ್ನು ಹುಡುಕುವವರ ಕಣ್ಣು ಇರುವುದೂ ಅಲ್ಲಿಯೇ.

ಸೂರ್ಯನ ಹಾಗಿರುವ ನಕ್ಷತ್ರಗಳು ಬೇಕಾದಷ್ಟಿವೆ. ಹಳದಿ ಬಣ್ಣ, ಹೆಚ್ಚುಕಡಿಮೆ ಅದೇ ಗಾತ್ರ. ಅಷ್ಟರಿಂದ ಅವಳಿಯಾಗುವುದಿಲ್ಲ, ದಾಯಾದಿಯಾಗಬಹುದು. ಅವಳಿಯೆನ್ನಿಸಿಕೊಳ್ಳಬೇಕಾದರೆ ಮೇಲ್ಮೈಯ ತಾಪ ಸೂರ್ಯನ 5772 ಕೆಲ್ವಿನ್‌ನಿಂದ ನೂರು ಕೆಲ್ವಿನ್‌ನ ಒಳಗಿರಬೇಕು. ಮೇಲ್ಮೈಯ ಗುರುತ್ವವೂ ಕಬ್ಬಿಣದ ಪ್ರಮಾಣವೂ ಸೂರ್ಯನದಕ್ಕಿಂತ ಸುಮಾರು ಕಾಲುಭಾಗಕ್ಕಿಂತ ಹೆಚ್ಚು ವ್ಯತ್ಯಾಸವಾಗಬಾರದು. ಫ್ರಾನ್ಸಿನಲ್ಲಿ ಜಿಯೂಸಾ ಕೈರೆಲ್ ದ ಸ್ತ್ರೋಬೆಲ್ ಎಂಬ ವಿದುಷಿ 1981ರಿಂದ ಈ ಹುಡುಕಾಟಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟರು. 1997ರಲ್ಲಿ ಬ್ರೆಜಿಲ್ ದೇಶದ ಪೋರ್ತೊ ದ ಮೆಲ್ಲೊ ಮತ್ತು ದ ಸಿಲ್ವ ಎಂಬಿಬ್ಬರು ವೃಶ್ಚಿಕ ರಾಶಿಯ 18ನೆಯ ನಕ್ಷತ್ರವನ್ನು ತೋರಿಸಿ, ಅಲ್ಲಿಯವರೆಗೆ ಕಂಡ ಅವಳಿಗಳಲ್ಲಿ ಇದೇ ಅತ್ಯಂತ ಸಮೀಪದ್ದೆಂದು ಸಾರಿದರು. ಅದು ನಮ್ಮಿಂದ ಸುಮಾರು 46 ಜ್ಯೋತಿರ್ವರ್ಷಗಳ ದೂರದಲ್ಲಿದೆ. ಮುಂದೆ ಇನ್ನೂ ಹಲವು ಸಿಕ್ಕಿದವು.

ಇನ್ನು ಓದುವ ವಿಧಾನ. ಈ ವಿಷಯಕ್ಕೆ ನನ್ನನ್ನು ಎಳೆದು ತಂದದ್ದು ಇದೇ. ಏಕೆಂದರೆ ಇದು ನನ್ನ ಕಸುಬಿಗೆ ಹತ್ತಿರದ್ದು. ಹಳೆಯ ಓಲೆಗರಿಯ ಪ್ರತಿಯನ್ನು ಕೈಯಲ್ಲಿ ಹಿಡಿದವರಿಗೆ ಗೊತ್ತು: ಲಿಪಿಕಾರನು ಏತ್ವ ಓತ್ವಗಳ ದೀರ್ಘವನ್ನು ಗುರುತಿಸಿರುವುದಿಲ್ಲ, ಪಕಾರ ವಕಾರಗಳು ಒಂದರಂತೆ ಒಂದು ಕಾಣುತ್ತವೆ. ಒಂದೇ ಪ್ರತಿಯನ್ನು ಇಟ್ಟುಕೊಂಡು ಇದು ಕವಿಯ ಪಾಠವೋ ಲಿಪಿಕಾರನ ದೋಷವೋ ಎಂದು ತಲೆ ಕೆಡಿಸಿಕೊಳ್ಳಬೇಕು. ಅದೇ ಲಿಪಿಕಾರನ ಕೈಯಿಂದ ಬಂದ, ಬೇರೊಂದು ಮಾತೃಕೆಯ ಪ್ರತಿ ಸಿಕ್ಕಿತೆನ್ನಿ. ಅವನ ಕೈಯ ದೋಷಗಳು ಎರಡರಲ್ಲಿಯೂ ಸಮಾನವಾಗಿರುತ್ತವೆ. ಆದುದರಿಂದ ಅವನ್ನು ಹೊಡೆದುಹಾಕಬಹುದು. ಎಲ್ಲಿ ಎರಡೂ ಪ್ರತಿಗಳು ಬೇರೆಯಾಗುತ್ತವೆಯೋ ಅಲ್ಲಿ ನಿಜವಾದ ಪಾಠಾಂತರ.

ಅವಳಿ ನಕ್ಷತ್ರಗಳನ್ನು ಓದುವುದು ಹೀಗೆಯೇ. ಒಂದು ನಕ್ಷತ್ರದಲ್ಲಿ ಕಬ್ಬಿಣ ಎಷ್ಟಿದೆಯೆಂದು ನೇರವಾಗಿ ಹೇಳಹೊರಟರೆ ತಪ್ಪುಗಳು ಹಲವು ಕಡೆಯಿಂದ ನುಗ್ಗುತ್ತವೆ. ಪರಮಾಣುವಿನ ಬಗೆಗಿನ ಅಂಕಿಗಳು ಪೂರ್ತಿ ನಿಖರವಲ್ಲ, ನಕ್ಷತ್ರದ ವಾತಾವರಣಕ್ಕೆ ನಾವು ಕಲ್ಪಿಸಿಕೊಂಡ ಮಾದರಿ ಸರಳವಾದುದು, ಉಪಕರಣಕ್ಕೂ ಅದರದೇ ಆದ ಓರೆಯುಂಟು. ನೂರಕ್ಕೆ ಹತ್ತರಷ್ಟು ತಪ್ಪು ಬಂದರೂ ಆಶ್ಚರ್ಯವಿಲ್ಲ. ಆದರೆ ಅವಳಿಯ ಒಂದು ಗೆರೆಯನ್ನು ಸೂರ್ಯನ ಅದೇ ಗೆರೆಯ ಪಕ್ಕದಲ್ಲಿಟ್ಟು ‘ಎಷ್ಟು?’ ಎಂದು ಕೇಳದೆ ‘ಎಷ್ಟು ಹೆಚ್ಚು, ಎಷ್ಟು ಕಡಿಮೆ?’ ಎಂದು ಕೇಳಿದರೆ ಆ ತಪ್ಪುಗಳೆಲ್ಲ ಎರಡು ಕಡೆಯೂ ಒಂದೇ ಆಗಿ ಕಳೆದುಹೋಗುತ್ತವೆ. ಹೀಗೆ ಗೆರೆಗೆ ಗೆರೆಯನ್ನು ತಾಳೆ ನೋಡುತ್ತ ಹೋದರೆ ನೂರಕ್ಕೆ ಎರಡರ ಸುಮಾರಿನ ಸೂಕ್ಷ್ಮತೆ ದೊರೆಯುತ್ತದೆ.

ಇಲ್ಲೊಂದು ವಿನೋದವುಂಟು. ಎರಡೂ ಪ್ರತಿಗಳು ಒಂದೇ ಲಿಪಿಕಾರನವಾಗಿರಬೇಕಷ್ಟೆ. ಅಂದರೆ ಸೂರ್ಯನನ್ನೂ ಅದೇ ದೂರದರ್ಶಕದಿಂದ, ಅದೇ ರಾತ್ರಿಯ ಉಪಕರಣದಿಂದ ನೋಡಬೇಕು. ಮಂಕು ನಕ್ಷತ್ರಗಳಿಗೆಂದು ಕಟ್ಟಿದ ಮಹಾಯಂತ್ರವನ್ನು ಸೂರ್ಯನತ್ತ ತಿರುಗಿಸಿದರೆ ಗತಿಯೇನು? ಆದುದರಿಂದ ಸೂರ್ಯನನ್ನು ರಾತ್ರಿಯಲ್ಲಿ ನೋಡುತ್ತಾರೆ! ಮಂಗಳ ಗುರುಗಳ ನಡುವೆ ಸುತ್ತುವ ವೆಸ್ಟಾ, ಸಿರಿಸ್ ಮೊದಲಾದ ಕಾಯಗಳಿಗೆ ಸ್ವಂತ ಬೆಳಕಿಲ್ಲ. ಅವು ನಮಗೆ ಕಳಿಸುವುದು ಸೂರ್ಯನದೇ ಬೆಳಕು. ದೂರದರ್ಶಕವನ್ನು ವೆಸ್ಟಾದ ಕಡೆಗೆ ತಿರುಗಿಸಿ ಸೂರ್ಯನ ರೋಹಿತವನ್ನು ಪಡೆದು, ಅದೇ ಇರುಳಿನಲ್ಲಿ ಅವಳಿಗಳತ್ತ ಹೊರಳುತ್ತಾರೆ.

ಮೊದಲ ಪಾಠಾಂತರ ಲಿಥಿಯಮ್ಮಿನದು. ರೋಹಿತದ ಕೆಂಪು ಭಾಗದಲ್ಲಿ ಅದಕ್ಕೆ ಒಂದು ಬಡಕಲು ಗೆರೆ. ಸೌರವ್ಯೂಹ ಹುಟ್ಟಿದಾಗಿನ ವಸ್ತುವನ್ನು ಕಾಪಾಡಿಕೊಂಡಿರುವ ಉಲ್ಕಾಶಿಲೆಗಳಿಗೆ ಹೋಲಿಸಿದರೆ ಸೂರ್ಯನ ಮೇಲ್ಮೈಯಲ್ಲಿ ಲಿಥಿಯಂ ಸುಮಾರು 150 ಪಟ್ಟು ಕಡಿಮೆ. ಸುಮಾರು 25 ಲಕ್ಷ ಡಿಗ್ರಿಯ ತಾಪದಲ್ಲಿ ಅದು ನಾಶವಾಗುತ್ತದೆ. ಮೇಲಿನ ವಸ್ತು ಮೆಲ್ಲಮೆಲ್ಲನೆ ಒಳಗಿಳಿದು ಬೇಯುತ್ತಿದೆ. ಇದು ಸೂರ್ಯನೊಬ್ಬನ ವಿಚಿತ್ರವೋ, ವಯಸ್ಸಿನ ಧರ್ಮವೋ? 2013ರಲ್ಲಿ ಚಿಲಿಯ ಪರಾನಾಲ್ ಬೆಟ್ಟದ ದೂರದರ್ಶಕದಿಂದ ಎರಡು ಅವಳಿಗಳನ್ನು ಹೋಲಿಸಿದ ತಂಡವೊಂದು ಉತ್ತರ ಕೊಟ್ಟಿತು. ವೃಶ್ಚಿಕದ 18ನೆಯದಕ್ಕೆ ಅವರು ಕಟ್ಟಿದ ವಯಸ್ಸು 290 ಕೋಟಿ ವರ್ಷ. ಅದರಲ್ಲಿ ಸೂರ್ಯನಿಗಿಂತ ಲಿಥಿಯಂ ಹೆಚ್ಚು. ಮಕರ ರಾಶಿಯಲ್ಲಿರುವ ಇನ್ನೊಂದರ ವಯಸ್ಸು 820 ಕೋಟಿ ವರ್ಷ. ಅದರಲ್ಲಿ ಸೂರ್ಯನಿಗಿಂತ ಕಡಿಮೆ. ನಮ್ಮ ಸೂರ್ಯನಿಗೆ 460 ಕೋಟಿ. ಎರಡರ ನಡುವೆ ಕುಳಿತಿದ್ದಾನೆ. ಒಬ್ಬನೇ ಮನುಷ್ಯನ ಬಾಲ್ಯದ ಮತ್ತು ಮುಪ್ಪಿನ ಭಾವಚಿತ್ರಗಳನ್ನು ಒಟ್ಟಿಗೆ ಕಂಡಂತಾಯಿತು.

ಎರಡನೆಯ ಪಾಠಾಂತರ ಹೆಚ್ಚು ಕೋಲಾಹಲವನ್ನೆಬ್ಬಿಸಿತು. 2009ರಲ್ಲಿ ಹೋರ್ಹೆ ಮೆಲೆಂಡೆಜ್ ಮತ್ತು ಸಂಗಡಿಗರು ಚಿಲಿಯ ಲಾಸ್ ಕಾಂಪನಾಸ್‌ನಲ್ಲಿ ತೆಗೆದ 11 ಅವಳಿಗಳ ರೋಹಿತಗಳನ್ನು ಸೂರ್ಯನದರೊಡನೆ ತಾಳೆ ನೋಡಿದರು. ಮೂಲವಸ್ತುಗಳನ್ನು ಅವರು ಒಂದು ವಿಶೇಷ ಕ್ರಮದಲ್ಲಿ ಜೋಡಿಸಿದರು: ಬಿಸಿ ಅನಿಲ ತಣಿಯುವಾಗ ಯಾವುದು ಮೊದಲು ಗಟ್ಟಿಯಾಗುತ್ತದೆ, ಯಾವುದು ಕೊನೆಗೆ? ಅಲ್ಯುಮಿನಿಯಂ, ಕ್ಯಾಲ್ಸಿಯಂ, ಕಬ್ಬಿಣ ಇವು ಬಹಳ ಬಿಸಿಯಲ್ಲಿಯೇ ಗಟ್ಟಿಯಾಗುವ ವಸ್ತುಗಳು, ಕಲ್ಲುಮಣ್ಣುಗಳಾಗುವುದು ಇವುಗಳಿಂದ. ಇಂಗಾಲ, ಸಾರಜನಕ, ಆಮ್ಲಜನಕಗಳು ಬಹುಮಟ್ಟಿಗೆ ಅನಿಲವಾಗಿಯೇ ಉಳಿಯುವಂಥವು. ಈ ಕ್ರಮದಲ್ಲಿಟ್ಟು ನೋಡಿದರೆ, ಅವಳಿಗಳ ಸರಾಸರಿಗಿಂತ ಸೂರ್ಯನಲ್ಲಿ ಅನಿಲವಸ್ತುಗಳ ಲೆಕ್ಕಕ್ಕೆ ಕಲ್ಲಾಗುವ ವಸ್ತುಗಳು ನೂರಕ್ಕೆ 20ರಷ್ಟು ಕಡಿಮೆ! ಸೇರು ಒಂದು ಹಿಡಿ ಕಿರಿದು.

ಎಲ್ಲಿ ಹೋಯಿತು ಆ ಹಿಡಿ? ನಮ್ಮ ಕಾಲಕೆಳಗೆ ಇದೆ ಎಂದರು ಮೆಲೆಂಡೆಜ್. ಬುಧ, ಶುಕ್ರ, ಭೂಮಿ, ಮಂಗಳ ಈ ಶಿಲಾಗ್ರಹಗಳು ರೂಪುಗೊಳ್ಳುವಾಗ ಕಲ್ಲಾಗುವ ವಸ್ತು ಅವುಗಳಲ್ಲಿ ಸಿಕ್ಕಿಬಿದ್ದಿತು; ಬಡವಾದ ಅನಿಲ ಮಾತ್ರ ಸೂರ್ಯನ ಮೇಲೆ ಸುರಿಯಿತು ಎಂಬುದು ಅವರ ವಾದ. ಸೂರ್ಯನ ಇಂದಿನ ಹೊರಪದರಕ್ಕೆ ಭೂಮಿಯ ನಾಲ್ಕರಷ್ಟು ಶಿಲಾವಸ್ತುವನ್ನು ಬೆರೆಸಿದರೆ ಕೊರತೆ ತುಂಬಿಬಿಡುತ್ತದೆಯೆಂದು 2010ರಲ್ಲಿ ಚೇಂಬರ್ಸ್ ಎಂಬವರು ಲೆಕ್ಕ ಹಾಕಿ ತೋರಿಸಿದರು. ವಾದ ನಿಜವಾದರೆ ಪರಿಣಾಮ ದೊಡ್ಡದು. ಗ್ರಹವನ್ನು ಕಾಣದೆಯೇ, ನಕ್ಷತ್ರದ ಬೆಳಕನ್ನು ಮಾತ್ರ ಓದಿ, ಅಲ್ಲಿ ಭೂಮಿಯಂಥದೊಂದು ಇರಬಹುದೆಂದು ಹೇಳಬಹುದು.

ನನಗೂ ಮೊದಲ ಓದಿನಲ್ಲಿ ಇದು ಮೋಹಕವಾಗಿ ಕಂಡಿತು. ಆದರೆ ಪಾಠಾಂತರ ಸಿಕ್ಕಿದೊಡನೆ ಅದಕ್ಕೆ ಕಥೆ ಕಟ್ಟುವುದು ಸಂಪಾದಕನಿಗೆ ಸಲ್ಲದು, ಆಕ್ಷೇಪಗಳನ್ನೂ ಕೇಳಬೇಕು. ಎಳೆಯ ಸೂರ್ಯನಲ್ಲಿ ಕುದಿದು ಬೆರೆಯುವ ಪದರ ಇಂದಿಗಿಂತ ಬಹಳ ಆಳವಾಗಿದ್ದಿತು. ಅಷ್ಟು ದೊಡ್ಡ ಕಡಾಯಿಯಲ್ಲಿ ಒಂದು ಹಿಡಿಯ ಕೊರತೆ ಕರಗಿಹೋಗಬೇಕಿತ್ತಲ್ಲವೆ ಎನ್ನುವವರುಂಟು. ನಕ್ಷತ್ರ ಹುಟ್ಟಿದ ಕಾಲ ಮತ್ತು ಸ್ಥಳಗಳಿಂದಲೇ ಇಂಥ ವ್ಯತ್ಯಾಸ ಬರಬಹುದೆನ್ನುವವರು ಇನ್ನು ಕೆಲವರು. ಈ ಆಕ್ಷೇಪ ತೂಕವುಳ್ಳದ್ದು. 2018ರಲ್ಲಿ ಮೇಗನ್ ಬೆಡೆಲ್ ಮತ್ತು ಸಂಗಡಿಗರು 79 ನಕ್ಷತ್ರಗಳನ್ನು ತೆಗೆದುಕೊಂಡು, ವಯಸ್ಸಿನಿಂದ ಬರುವ ಭೇದವನ್ನು ಕಳೆದು ನೋಡಿದರು. ಆಗಲೂ ಬಹುಪಾಲು ಅವಳಿಗಳಿಗಿಂತ ಸೂರ್ಯನು ಬಡವನಾಗಿಯೇ ಉಳಿದನು. ಕೊರತೆ ನಿಂತಿತು, ಕಾರಣ ನಿಲ್ಲಲಿಲ್ಲ. 2020ರಲ್ಲಿ ಬೂತ್ ಮತ್ತು ಓವನ್ ಎಂಬವರು ಅಪರಾಧಿ ಭೂಮಿಯಲ್ಲ, ಗುರುಗ್ರಹವೆಂದರು: ಎಳೆಯ ಗುರುವು ತನ್ನ ದಾರಿಯಲ್ಲಿ ಕಂದಕ ತೋಡಿದ್ದರಿಂದ ಹೊರಗಿನ ದೂಳು ಸೂರ್ಯನತ್ತ ಬಾರದೆ ತಡೆಯಿತು. ಸದ್ಯಕ್ಕೆ ನನಗೆ ಹೆಚ್ಚು ಒಪ್ಪುವುದು ಇದು. ಗುರುವಿನಂಥ ಗ್ರಹ ಎಲ್ಲ ಅವಳಿಗಳಿಗೂ ಇಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ದೊರೆತಿದೆ. ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದ ಜೋಡಿ ನಕ್ಷತ್ರಗಳ ರಚನೆ ಒಂದೇ ಆಗಿರಬೇಕು. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಇಂಥ 91 ಜೋಡಿಗಳನ್ನು ಪರೀಕ್ಷಿಸಿದಾಗ, ನೂರಕ್ಕೆ ಎಂಟರಷ್ಟು ಜೋಡಿಗಳಲ್ಲಿ ಒಂದಕ್ಕೆ ಕಲ್ಲಾಗುವ ವಸ್ತು ಹೆಚ್ಚಿಗೆ ಸೇರಿತ್ತು. ಆ ನಕ್ಷತ್ರ ತನ್ನ ಗ್ರಹವನ್ನೋ ಗ್ರಹವಾಗಬೇಕಾದ ವಸ್ತುವನ್ನೋ ನುಂಗಿಬಿಟ್ಟಿದೆಯೆಂದು ಸಂಶೋಧಕರ ಊಹೆ. ಹೀಗಾದರೆ ಪ್ರಶ್ನೆಯನ್ನೇ ತಿರುಗಿಸಬೇಕಾಗುತ್ತದೆ: ನಮ್ಮ ಸೂರ್ಯನಿಗೆ ಕೊರತೆಯೋ, ಕೆಲವು ಅವಳಿಗಳಿಗೆ ಅಜೀರ್ಣವೋ? ಸೂರ್ಯನಂತೆಯೇ ಕಲ್ಲಿನ ಕೊರತೆಯುಳ್ಳ, ಗ್ರಹಪರಿವಾರವೂ ತಿಳಿದಿರುವ ಅವಳಿಗಳು ಸಾಕಷ್ಟು ಸಿಕ್ಕಿ, ಒಂದೊಂದನ್ನೂ ಸಾಲು ಸಾಲಾಗಿ ಓದುವವರೆಗೆ ಇದು ತೀರುವ ವ್ಯಾಜ್ಯವಲ್ಲ.

ವೃಶ್ಚಿಕದ 18ನೆಯದನ್ನು ಕಣ್ಣಾರೆ ಕಾಣಬಯಸುವವರಿಗೆ ಗುರುತು ಹೇಳಬಹುದು. ಜ್ಯೇಷ್ಠಾ ನಕ್ಷತ್ರದ ಕೆಂಪು ಚುಕ್ಕೆಯನ್ನು ಹಿಡಿದು, ಅಲ್ಲಿಂದ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿ, ಚಾಚಿದ ಕೈಯ ಎರಡು ಮುಷ್ಟಿಗೆ ಸ್ವಲ್ಪ ಕಡಿಮೆ ದೂರ ಸರಿಯಬೇಕು. ಪಟ್ಟಣದ ದೀಪಗಳ ನಡುವೆ ಕಾಣದು. ಹಳ್ಳಿಯ ಕತ್ತಲೆಯಲ್ಲಿ, ಅಮಾವಾಸ್ಯೆಯ ಆಸುಪಾಸಿನಲ್ಲಿ, ಒಳ್ಳೆಯ ಕಣ್ಣಿದ್ದವರಿಗೆ ಮಿಣುಕೆಂದು ತೋರುತ್ತದೆ. ದುರ್ಬೀನು ಇದ್ದರೆ ಸುಲಭ. ಏಪ್ರಿಲ್ ತಿಂಗಳ ಬೆಳಗಿನ ಜಾವ, ಇಲ್ಲವೆ ಮೇ ತಿಂಗಳ ನಡುರಾತ್ರಿ ನೋಡುವುದು ಮೇಲು. ಆಮೇಲೆ ಮುಂಗಾರಿನ ಮೋಡ ಬರುತ್ತದೆ.